ಮೆದುಳಿನ ನಕ್ಷತ್ರಕೋಶಗಳು
(ಶತಮಾನೋತ್ಸವದ ವಿಚಾರಗೋಷ್ಠಿಯಲ್ಲಿ ಹಳೆ ವಿದ್ಯಾರ್ಥಿಗಳ ಪರವಾಗಿ ಮಾಡಿದ ಉಪನ್ಯಾಸ)



ಪ್ರೌಢ ವಿಜ್ಞಾನವನ್ನು ಕನ್ನಡದಲ್ಲಿ ಹೇಳಲಾದೀತೇ ಎಂದು, ಮಗುವನ್ನು ಶಾಲೆಗೆ ಸೇರಿಸುವ ಮುನ್ನ ಪೋಷಕರು ಕೇಳುವುದುಂಟು. ಈ ಪ್ರಶ್ನೆಗೆ ವಾದದಿಂದಲ್ಲ, ಒಂದು ವಿಷಯವನ್ನು ಹೇಳಿಯೇ ಉತ್ತರಿಸಲು ಬಯಸುತ್ತೇವೆ.

ಮೆದುಳಿನ ತೂಕ ದೇಹದ ತೂಕದಲ್ಲಿ ಸುಮಾರು ಶೇಕಡಾ 2 ಮಾತ್ರ. ಆದರೆ ವಿಶ್ರಾಂತಿಯಲ್ಲಿಯೂ ದೇಹ ವ್ಯಯಿಸುವ ಶಕ್ತಿಯಲ್ಲಿ ಸುಮಾರು ಶೇಕಡಾ 20 ಅದಕ್ಕೇ ಬೇಕು. ಕೂಡಿಟ್ಟ ದಾಸ್ತಾನು ಅಲ್ಲಿ ಅತ್ಯಲ್ಪ; ಆಮ್ಲಜನಕವೂ ಗ್ಲೂಕೋಸೂ ಕ್ಷಣಕ್ಷಣವೂ ರಕ್ತದಿಂದಲೇ ಒದಗಬೇಕು. ರಕ್ತನಾಳಕ್ಕೂ ನರಕೋಶಕ್ಕೂ ನಡುವೆ ನಿಂತಿರುವುದು ಆಸ್ಟ್ರೊಸೈಟ್, ಎಂದರೆ ನಕ್ಷತ್ರಕೋಶ.

1856ರಲ್ಲಿ ಜರ್ಮನಿಯ ರುಡಾಲ್ಫ್ ವಿರ್ಚೋ ಈ ನಡುವಣ ಅಂಗಾಂಶಕ್ಕೆ ‘ನ್ಯೂರೋಗ್ಲಿಯ’, ಅಂದರೆ ನರಗಳ ಅಂಟು, ಎಂಬ ಹೆಸರನ್ನು ಬಳಸಿದರು. 1870ರ ದಶಕದಲ್ಲಿ ಇಟಲಿಯ ಕ್ಯಾಮಿಲ್ಲೊ ಗಾಲ್ಜಿ, ಅಲ್ಲಿನ ಕೋಶಗಳ ಕವಲುಗಳು ರಕ್ತನಾಳಗಳನ್ನು ಮುಟ್ಟುತ್ತಿರುವುದನ್ನು ಕಂಡರು.

ಆ ಕವಲಿನ ತುದಿ ನಾಳದ ಮೇಲೆ ಪಾದದಂತೆ ಹರಡುತ್ತದೆ. ಇಂಥ ಪಾದಗಳು ಒತ್ತೊತ್ತಾಗಿ ಸೇರಿ ಲೋಮನಾಳಗಳ ಹೊರಮೈಯನ್ನು ಬಹುಪಾಲು ಹೊದಿಸುತ್ತವೆ. ಅದೇ ಕೋಶದ ನವುರಾದ ಬೇರೆ ಕವಲುಗಳು ನರಕೋಶಗಳು ಪರಸ್ಪರ ಸಂಧಿಸುವ ಎಡೆಗಳನ್ನು ಸುತ್ತುವರಿದಿರುತ್ತವೆ. ಅಲ್ಲಿ ಚಟುವಟಿಕೆ ಹೆಚ್ಚಿದಾಗ ನಕ್ಷತ್ರಕೋಶದೊಳಗೆ ಕ್ಯಾಲ್ಸಿಯಂ ಏರುತ್ತದೆ. ಪಾದಗಳಿಂದ ಹೊರಬೀಳುವ ರಾಸಾಯನಿಕಗಳು ನಾಳವನ್ನು ಹಿಗ್ಗಿಸಲು ನೆರವಾಗುತ್ತವೆ. ಈ ಕಾರ್ಯದಲ್ಲಿ ನರಕೋಶಗಳಿಗೂ ನಾಳದ ಗೋಡೆಗೂ ಪಾಲುಂಟು. ನಮ್ಮ ಕಾಸರಗೋಡಿನ ತೋಟಗಳಲ್ಲಿ ಸುರಂಗದ ನೀರನ್ನು ಒಣಗಿದ ಅಡಕೆ ಬುಡ ನೋಡಿ ತಿರುಗಿಸುವುದಿಲ್ಲವೇ? ಇದೂ ಹಾಗೆಯೇ.

ಪಾದಗಳಿಗೆ ಇನ್ನೊಂದು ಹೊಣೆಯೂ ಇದೆ. ರಕ್ತದಲ್ಲಿರುವುದೆಲ್ಲ ಮೆದುಳಿಗೆ ನುಗ್ಗದಂತೆ ತಡೆಯುವುದು ನಾಳದ ಒಳಪದರದ ಕೋಶಗಳ ಬಿಗಿಯಾದ ಬೆಸುಗೆ. ಆ ಬೆಸುಗೆ ಸಡಿಲದಂತೆ ಉಳಿಯಲು ನಕ್ಷತ್ರಕೋಶಗಳ ಆಸರೆ ಬೇಕು. ಮನೆಯ ಹಿರಿಯರಿಗೆ ರಕ್ತ ನಿಂತು ಪಾರ್ಶ್ವವಾಯು ಬಡಿದಾಗ, ನೀರು ಸೇರಿ ಬೇಗನೆ ಊದಿಕೊಳ್ಳುವವುಗಳಲ್ಲಿ ಈ ಪಾದಗಳೂ ಸೇರಿವೆ. ಅಂಥ ವೇಳೆಯಲ್ಲಿ ಆಸ್ಪತ್ರೆಗೆ ಧಾವಿಸುವ ಒಂದೊಂದು ನಿಮಿಷಕ್ಕೂ ಬೆಲೆಯಿದೆ.

ಬರಿಯ ಅಂಟೆಂದು ಎಣಿಸಿದ್ದರ ಯೋಗ್ಯತೆಯನ್ನು ಅರಿಯಲು ವಿಜ್ಞಾನಕ್ಕೆ ನೂರು ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು.

ಕೋಶ, ನಾಳ, ಲೋಮನಾಳ ಎಂಬ ಮಾತುಗಳು ನಮಗೆ ಈ ಶಾಲೆಯ ಕರಿಹಲಗೆಯ ಮೇಲೆ ದೊರೆತವು. ಮುಂದೆ ಕಾಲೇಜಿನಲ್ಲಿ ಇಂಗ್ಲಿಷ್ ಹೆಸರುಗಳಿಗೆ ನಾವು ತಡವರಿಸಿದ್ದು ನಿಜ, ಅರ್ಥಕ್ಕೆ ತಡವರಿಸಲಿಲ್ಲ. ಪೋಷಕರ ಪ್ರಶ್ನೆಗೆ ನಮ್ಮ ಉತ್ತರ ಇಷ್ಟೇ.