ಫೈಲಿನಲ್ಲೇ ಉಳಿದ ವರದಿ

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)

ಕೊಲೆ ಕೇಸಿನಲ್ಲಿ ಶಿಕ್ಷೆಯಾದ ಮೇಲೆ ಹೊಸ ವೈದ್ಯಕೀಯ ಸಾಕ್ಷ್ಯ ಸಿಕ್ಕರೆ, 'ಆಗಲೇ ಯಾಕೆ ತರಲಿಲ್ಲ?' ಅಂತ ಅಪೀಲು ಕೋರ್ಟು ಕೇಳುತ್ತದೆ. ಪ್ರಶ್ನೆ ನ್ಯಾಯವಾಗೇ ಕಾಣುತ್ತೆ. ಆದರೆ ಆಗ ಆ ಸಾಕ್ಷ್ಯ ಯಾರ ಕೈಯಲ್ಲಿತ್ತು ಅಂತ ನಾವು ಕೇಳಬೇಕು.

ಇಂಗ್ಲೆಂಡಿನ ಸ್ಯಾಲಿ ಕ್ಲಾರ್ಕ್ ಸ್ವತಃ ವಕೀಲೆ. ಆಕೆಯ ಎರಡು ಗಂಡುಕೂಸುಗಳು, 1996ರಲ್ಲಿ ಒಂದು, 1998ರಲ್ಲಿ ಇನ್ನೊಂದು, ಮೂರು ತಿಂಗಳು ತುಂಬುವ ಮೊದಲೇ ತೀರಿಕೊಂಡವು. ತಾಯಿಯೇ ಕೊಂದಳೆಂದು 1999ರಲ್ಲಿ ಜೀವಾವಧಿ ಶಿಕ್ಷೆಯಾಯಿತು. ಅಂಥ ಮನೆಯಲ್ಲಿ ಎರಡು ಕೂಸು ತಾವಾಗಿ ಸಾಯೋದು 7 ಕೋಟಿ 30 ಲಕ್ಷದಲ್ಲಿ ಒಂದು ಸಲ ಅಂತ ಹೆಸರಾಂತ ಮಕ್ಕಳ ಡಾಕ್ಟರೊಬ್ಬರು ಸಾಕ್ಷಿ ಹೇಳಿದ್ದರು. 8,543ನ್ನು ಅದರಿಂದಲೇ ಗುಣಿಸಿದ ಲೆಕ್ಕ ಅದು. ಒಂದೇ ರಕ್ತ, ಒಂದೇ ಮನೆ. ಎರಡು ಸಾವಿಗೂ ಒಂದೇ ಕಾರಣ ಇರಬಹುದು ಅನ್ನೋದನ್ನೇ ಬಿಟ್ಟ ಲೆಕ್ಕ. 2000ದಲ್ಲಿ ಅಪೀಲೂ ವಜಾ ಆಯಿತು.

ಆಮೇಲೆ ಆಸ್ಪತ್ರೆಯ ದಾಖಲೆ ಕೆದಕಿದಾಗ ಎರಡನೇ ಕೂಸಿನ ಪರೀಕ್ಷಾ ವರದಿ ಸಿಕ್ಕಿತು. ಬೆನ್ನುಹುರಿಯ ದ್ರವದಲ್ಲೂ ಸ್ಟೆಫೈಲೊಕಾಕಸ್ ರೋಗಾಣು! ಶವಪರೀಕ್ಷೆ ಮಾಡಿದ ಡಾಕ್ಟರಿಗೆ 1998ರಲ್ಲೇ ಗೊತ್ತಿದ್ದ ಸಂಗತಿ. ಆಕೆಯ ವಕೀಲರಿಗೆ ತಿಳಿಸಿರಲಿಲ್ಲ. ಕ್ರಿಮಿನಲ್ ಕೇಸುಗಳ ಮರುಪರಿಶೀಲನಾ ಆಯೋಗ ಕೇಸನ್ನು ಮತ್ತೆ ಅಪೀಲು ಕೋರ್ಟಿಗೆ ಕಳಿಸಿತು. 1968ರ ಅಪೀಲು ಕಾಯಿದೆಯ 23ನೇ ಕಲಮಿನಲ್ಲಿ ಹೊಸ ಸಾಕ್ಷ್ಯ ಪಡೆಯಲು ದಾರಿಯಿತ್ತು. 2003ರ ಜನವರಿಯಲ್ಲಿ ಶಿಕ್ಷೆ ರದ್ದಾಯಿತು. ಕೂಸು ರೋಗದಿಂದಲೇ ಸತ್ತಿತು ಅಂತ ಸಾಬೀತಾಗಬೇಕಿರಲಿಲ್ಲ. ಈ ವರದಿ ನೋಡಿದ್ದರೆ ಜ್ಯೂರಿಯ ತೀರ್ಪು ಬೇರೆಯಾಗಬಹುದಿತ್ತು, ಅಷ್ಟೇ ಸಾಕಾಯಿತು. ಬಿಡುಗಡೆಯಾದ ಸ್ಯಾಲಿ 2007ರಲ್ಲಿ ತೀರಿಕೊಂಡರು.

ನಮ್ಮ ಕಾನೂನಿನಲ್ಲೂ ಈ ಬಾಗಿಲಿದೆ. ಹಳೇ ಕ್ರಿಮಿನಲ್ ಪ್ರೊಸೀಜರ್ ಕೋಡಿನ 391ನೇ ಕಲಮು, 2024ರಿಂದ ನಾಗರಿಕ ಸುರಕ್ಷಾ ಸಂಹಿತೆಯ 432. ಅಪೀಲು ಕೋರ್ಟು ಅಗತ್ಯ ಕಂಡರೆ, ಕಾರಣ ಬರೆದು ಹೆಚ್ಚಿನ ಸಾಕ್ಷ್ಯ ಪಡೆಯಬಹುದು. ಆದರೆ ಮುಗಿದ ಕೇಸನ್ನು ಕೆದಕಿ ನೋಡುವ ಅಂಥ ಆಯೋಗ ನಮ್ಮಲ್ಲಿಲ್ಲ. ಕಾನೂನು ಬಲ್ಲ ವಕೀಲೆಯೇ ಮೂರು ವರ್ಷ ಜೈಲಿನಲ್ಲಿ ಕೊಳೆತಳು. ಇನ್ನು ಕೂಲಿ ಮಾಡೋ ನಮ್ಮ ತಾಯಂದಿರು ಜೈಲಿನೊಳಗೆ ಕೂತು ಯಾವ ಆಸ್ಪತ್ರೆಯ ಫೈಲು ತೆಗೆಸಿಯಾರು?

ಲಾ ಓದುವ, ಮೆಡಿಕಲ್ ಓದುವ ಗೆಳೆಯರೇ, ಪೋಸ್ಟ್‌ಮಾರ್ಟಂ ವರದಿ ಓದೋದು ಕಲಿಯೋಣ. ಅದರಲ್ಲಿ ಏನು ಬರೆದಿಲ್ಲ, ಯಾವ ಪರೀಕ್ಷೆಯ ಕಾಗದ ಲಗತ್ತಾಗಿಲ್ಲ ಅಂತ ಕೇಳೋಣ. ಮುಚ್ಚಿಟ್ಟವರ ತಪ್ಪಿಗೆ ಜೈಲಿನಲ್ಲಿರೋರು ದಂಡ ತೆರಬಾರದು. ಅವರ ಪರವಾಗಿ ಆ ಬಾಗಿಲು ಬಡಿಯೋರು ನಾವೇ ಆಗಬೇಕು.