ಬರೆದುಕೊಡುವ ಕೆಲಸ
(ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ವಾರದ ಆರು ದಿನ ದಿವಾ ಸ್ಟೇಷನ್ನಿನಲ್ಲಿ ಗಾಡಿಯ ಬಾಗಿಲಿಗೆ ಜೋತುಬಿದ್ದು ಕೆಲಸಕ್ಕೆ ಹೋಗುವವರನ್ನು ಏಳನೆಯ ದಿನ ಕೂಡಿಸಿ ಉಪದೇಶ ಮಾಡುವುದು ನ್ಯಾಯವಲ್ಲ. ಆದಿವಾಸಿಗಳಿಗೆ ಕಾನೂನಿನ ನೆರವು ಕೊಡುವ ಸೇವೆಯ ಬಗ್ಗೆ ಮಾತನಾಡಬೇಕೆಂದು ಕಾರ್ಯದರ್ಶಿಗಳು ಕೇಳಿದಾಗ, ನಾನು ವಕೀಲನಲ್ಲ, ಗುಮಾಸ್ತ ಎಂದೆ. “ಹಾಗಾದರೆ ಮಾಡಿದ್ದನ್ನೇ ಹೇಳಿ” ಎಂದರು. ಮಾಡಿದುದರಲ್ಲಿ ಹೇಳತಕ್ಕದ್ದು ಒಂದು ತಪ್ಪು. ಅದನ್ನೇ ಹೇಳುತ್ತೇನೆ.

ದೀಪಾವಳಿ ಕಳೆಯಿತೆಂದರೆ ಭಿವಂಡಿ, ಕಲ್ಯಾಣ ತಾಲೂಕುಗಳ ಬಯಲಿನಲ್ಲಿ ಇಟ್ಟಿಗೆ ಭಟ್ಟಿಗಳು ಹೊತ್ತಿಕೊಳ್ಳುತ್ತವೆ. ನಾವಿರುವ ಚಾಳುಗಳಿಗೂ ಅಂಥ ಇಟ್ಟಿಗೆಯೇ ಬಂದಿರಬೇಕು. ಆ ಮಣ್ಣು ಕಲಸುವವರಲ್ಲಿ ಬಹಳ ಮಂದಿ ಕಾತಕರಿ ಜನ. ಎಲೆ ಅಡಿಕೆಗೆ ನಾವು ಹಾಕಿಕೊಳ್ಳುವ ಕಾಚನ್ನು ಕಾಡಿನ ಖೈರದ ಮರದಿಂದ ತೆಗೆಯುತ್ತಿದ್ದುದರಿಂದ ಅವರಿಗೆ ಆ ಹೆಸರು. ಕಾಡು ಕೈತಪ್ಪಿತು, ಕಸುಬು ಹೋಯಿತು, ಹೆಸರೊಂದು ಉಳಿಯಿತು. ಬಹುಮಂದಿಗೆ ಸ್ವಂತದ ನೆಲವಿಲ್ಲ. ಮಳೆಗಾಲದಲ್ಲಿ ಮನೆಯಲ್ಲಿ ಅಕ್ಕಿ ಮುಗಿದ ಹೊತ್ತಿಗೆ ಸರಿಯಾಗಿ ಮುಕಾದಮ ಬಂದು ಮುಂಗಡ ಕೊಡುತ್ತಾನೆ. ಭಟ್ಟಿ ಹೊತ್ತಿದಾಗ ಗಂಡ, ಹೆಂಡತಿ, ಮಕ್ಕಳು ಎಲ್ಲರೂ ಹೊರಡಬೇಕು. ಲೆಕ್ಕ ಮುಕಾದಮನ ವಹಿಯಲ್ಲಿರುತ್ತದೆ. ಓದಬಲ್ಲವನೂ ಅವನೊಬ್ಬನೇ.

ಇದು ಹೊಸ ಕಥೆಯಲ್ಲ. ಅಂದಿನ ಠಾಣೆ ಜಿಲ್ಲೆಯ ಝರಿ ಗ್ರಾಮದಲ್ಲಿ 1945ರ ಮೇ 23ರಂದು ಸಾವಿರಾರು ವಾರಲಿ ಜನ ಸೇರಿ, ಜಮೀನುದಾರರಿಗೆ ಬಿಟ್ಟಿ ದುಡಿಯುವುದಿಲ್ಲವೆಂದು ನಿಶ್ಚಯಿಸಿದರು. ಅವರ ಜೊತೆಗಿದ್ದ ಗೋದಾವರಿ ಪರುಳೇಕರರು ಕಾನೂನು ಓದಿದ ಹೆಣ್ಣುಮಗಳು. ಜೀತವನ್ನು ರದ್ದುಮಾಡುವ ಕಾಯಿದೆ ಬಂದದ್ದು ಅದಾದ ಮೂವತ್ತು ವರ್ಷದ ಮೇಲೆ, 1976ರಲ್ಲಿ. ಜೀತವೆಂದರೆ ಕಾಲಿಗೆ ಸರಪಳಿ ಹಾಕುವುದೆಂದೇ ನಾನು ತಿಳಿದಿದ್ದೆ. ಕಾಯಿದೆ ಹೇಳುವುದು ಬೇರೆ. ಮುಂಗಡ ಪಡೆದುದಕ್ಕಾಗಿ ಒಬ್ಬನು ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಯಬೇಕಾದರೆ, ಅಥವಾ ಬೇರೆ ಕಡೆ ಕೆಲಸಕ್ಕೆ ಹೋಗುವ ಹಕ್ಕನ್ನೋ ಮನಸ್ಸು ಬಂದಲ್ಲಿಗೆ ಹೋಗುವ ಹಕ್ಕನ್ನೋ ಕಳೆದುಕೊಂಡರೆ, ಅದು ಜೀತ. ಇವುಗಳಲ್ಲಿ ಒಂದಿದ್ದರೂ ಸಾಕು. ಆಗ ಆ ಸಾಲ ತೀರಿದಂತೆಯೇ; ಯಾರೂ ವಸೂಲು ಮಾಡುವಂತಿಲ್ಲ. ಜೀತದ ಸಾಲವಲ್ಲವೆಂದು ಸಾಧಿಸುವ ಹೊಣೆಯೂ ಸಾಲ ಕೊಟ್ಟವನದೇ.

ಇನ್ನು ಕಾನೂನಿನ ನೆರವು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆ ಜಾರಿಗೆ ಬಂದುದು 1995ರ ನವೆಂಬರ್ 9ರಂದು. ಅದರ 12ನೆಯ ಕಲಮಿನಂತೆ ಪರಿಶಿಷ್ಟ ಪಂಗಡದವರಿಗೆ, ಅವರ ವರಮಾನ ಎಷ್ಟೇ ಇರಲಿ, ವಕೀಲರು ಧರ್ಮಾರ್ಥವಾಗಿ ಸಿಗಬೇಕು. ಸಿಗಬೇಕು, ನಿಜ. ಆದರೆ ಭಟ್ಟಿಯ ಪಕ್ಕದ ಗುಡಿಸಲಿನಿಂದ ಠಾಣೆಯ ಕೋರ್ಟಿಗೆ ದಾರಿ ತೋರಿಸುವವರು ಯಾರು? ಅದಕ್ಕಾಗಿ 2009ರಲ್ಲಿ ಪ್ಯಾರಾಲೀಗಲ್ ಸ್ವಯಂಸೇವಕರ ಯೋಜನೆ ಬಂತು. ವಕೀಲರಾಗಿರಬೇಕಾಗಿಲ್ಲ. ತರಬೇತಿ ಕೊಟ್ಟು ಗುರುತಿನ ಚೀಟಿ ಕೊಡುತ್ತಾರೆ. ನಾನು ಸೇರಿದ್ದು ಹಾಗೆ.

2017ರ ಚಳಿಗಾಲದಲ್ಲಿ ಒಂದು ಭಟ್ಟಿಯಿಂದ ಗಂಡಹೆಂಡತಿ ಇಬ್ಬರು ಬಂದರು. ಗಂಡ ಮಾತನಾಡಲಿಲ್ಲ. ಆ ತಾಯಿ ಹೇಳುತ್ತಹೋದಳು, ನಾನು ಬರೆಯುತ್ತಹೋದೆ. ನನ್ನ ಮರಾಠಿ ಕೇಳಿ ಅವಳಿಗೆ ನಗು ಬಂದಿತ್ತು. ಅವಳದೂ ಪುಸ್ತಕದ ಮರಾಠಿಯಲ್ಲ, ಕಾತಕರಿ ಮಾತು. ಹೀಗಾಗಿ ನಮ್ಮಿಬ್ಬರಿಗೂ ಸಂಕೋಚ ಬೇಗ ಹೋಯಿತು. ಅವಳು ಹೇಳಿದ್ದು ಹೆಚ್ಚುಕಡಿಮೆ ಹೀಗೆ: “ತಾಯಿ ಸತ್ತಳೆಂದು ಸುದ್ದಿ ಬಂತು ದಾದಾ. ಒಬ್ಬರು ಹೋಗಿ, ಒಬ್ಬರು ಇರಿ ಎಂದ. ಮಗುವನ್ನು ಇಟ್ಟುಕೊಂಡ. ನಾನು ಹೋಗಿ ಮಣ್ಣು ಹಾಕಿ ಸಂಜೆಗೇ ಬಂದೆ.”

ನಾನು ಹನ್ನೆರಡು ವರ್ಷದಿಂದ ಕಚೇರಿಯಲ್ಲಿ ಕಾಗದ ಬರೆದವನು. ಅರ್ಜಿಯಲ್ಲಿ ಅಳು ಇರಬಾರದು, ಅಂಕಿ ಇರಬೇಕು ಎಂಬುದು ನಮ್ಮ ವೃತ್ತಿಯ ಧರ್ಮ. ತಾಯಿ ಸತ್ತ ಮಾತನ್ನು ಬಿಟ್ಟೆ. ಮುಂಗಡ ಇಷ್ಟು, ಹಾಕಿದ ಇಟ್ಟಿಗೆ ಇಷ್ಟು, ಬರಬೇಕಾದ ಕೂಲಿ ಇಷ್ಟು ಎಂದು ಅಚ್ಚುಕಟ್ಟಾಗಿ ಬರೆದು ಹೆಬ್ಬೆಟ್ಟು ಒತ್ತಿಸಿದೆ. ನನ್ನ ಬರಹ ನನಗೇ ಚೆನ್ನಾಗಿ ಕಂಡಿತು.

ಕಚೇರಿಯಲ್ಲಿ ಅದನ್ನು ಓದಿದವರಿಗೂ ಚೆನ್ನಾಗಿಯೇ ಕಂಡಿರಬೇಕು. ಇದು ಕೂಲಿಯ ತಕರಾರು ಎಂದು ಬರೆದು ಅತ್ತ ಕಳಿಸಿದರು. ಅವರನ್ನು ದೂರಲಾರೆ. ನಾನು ಕೊಟ್ಟ ಕಾಗದದಲ್ಲಿ ಇದ್ದುದೇ ಅಷ್ಟು. ಮಗುವನ್ನು ಒತ್ತೆಯಿಟ್ಟುಕೊಂಡ ಮಾತೇ ಜೀತದ ಪುರಾವೆಯಾಗಿತ್ತು. ನಾನು ಅದನ್ನೇ ಅಳು ಎಂದು ಹೊಡೆದುಹಾಕಿದ್ದೆ. ನ್ಯಾಯವಾದಿಗಳೊಬ್ಬರು ಇದನ್ನು ತೋರಿಸಿಕೊಟ್ಟಾಗ ನನ್ನ ಕಿವಿ ಬಿಸಿಯಾಯಿತು. ಎರಡನೆಯ ಹೇಳಿಕೆ ಬರೆದೆವು. ಮೊದಲು ಹೇಳದ ಮಾತು ಈಗ ಹೇಗೆ ಬಂತೆಂದು ಕೇಳಿದರು. ಕೇಳದಿರುತ್ತಾರೆಯೇ?

ಕೊನೆಗೆ ಕೂಲಿಯಲ್ಲಿ ಒಂದು ಭಾಗ ಸಿಕ್ಕಿತು. ಬಿಡುಗಡೆಯ ಪ್ರಮಾಣಪತ್ರ ಸಿಗಲಿಲ್ಲ. ಆ ಪತ್ರವಿಲ್ಲದೆ ಜೀತದಾಳಿಗೆ ಸರಕಾರದ ಪುನರ್ವಸತಿ ಕೈಗೆ ಹತ್ತುವುದು ಕಷ್ಟ. ಮುಂದಿನ ದೀಪಾವಳಿಯ ನಂತರ ಅವರನ್ನು ನೋಡಲು ಪಾಡೆಗೆ ಹೋದೆ. ಗುಡಿಸಲಿಗೆ ಕದವಿಕ್ಕಿತ್ತು. ಅದೇ ಭಟ್ಟಿಗೆ ಹೋಗಿದ್ದಾರೆ, ಹಳೆಯ ಬಾಕಿ ಇದೆಯಂತೆ ಎಂದು ನೆರೆಯವರು ಹೇಳಿದರು.

ಅಂದಿನಿಂದ ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. ಹೇಳುವವರ ಮಾತನ್ನು ಮೊದಲು ಕಿವಿಗೆ ಬಿದ್ದಂತೆ ಕನ್ನಡ ಲಿಪಿಯಲ್ಲಿ ಗೀಚಿಕೊಳ್ಳುತ್ತೇನೆ. ನನ್ನ ಕೈ ವೇಗವಾಗಿ ಓಡುವುದು ಅದರಲ್ಲಿಯೇ. ಭಾಷೆ ಅವರದು, ಅಕ್ಷರ ನಮ್ಮದು. ಅದನ್ನು ಅವರಿಗೆ ಓದಿ ಹೇಳುತ್ತೇನೆ. ಅನೇಕರು ಅಲ್ಲಿಯೇ ತಿದ್ದುತ್ತಾರೆ. ಆಮೇಲೆ ಮರಾಠಿ ಅರ್ಜಿ. ಅರ್ಜಿ ಕೊಟ್ಟಲ್ಲಿ ತಾರೀಖು ಹಾಕಿದ ಪೋಚು ಪಡೆಯದೆ ಎದ್ದುಬರುವುದಿಲ್ಲ. ಆ ವಹಿ ನನ್ನ ಚೀಲದಲ್ಲಿಯೇ ಇದೆ. ಹೆಸರುಗಳಿರುವುದರಿಂದ ನಿಮಗೆ ತೋರಿಸುವಂತಿಲ್ಲ.

ವಿಜಾಪುರ, ಕಲಬುರ್ಗಿ ಕಡೆಯಿಂದ ಬಂದ ನಮ್ಮಲ್ಲಿ ಅನೇಕರ ತಂದೆಯರು ಈ ಊರಿನ ಕಚೇರಿಗಳಲ್ಲಿ ಓದಲು ಬಾರದ ಕಾಗದ ಹಿಡಿದು ನಿಂತವರೇ. ಆಗ ಓದಿಹೇಳಿದವರು ಯಾರೋ ಇದ್ದರು.

ಬರುವ ತಿಂಗಳ ಎರಡನೆಯ ಶನಿವಾರ ಬೆಳಗಿನ ವಸಯಿ ಗಾಡಿಗೆ ಹೊರಡುತ್ತೇನೆ. ಇಬ್ಬರು ಬಂದರೆ ಉಪಕಾರ. ಮರಾಠಿ ಓದಲು ಬಂದರೆ ಸಾಕು. ಬುತ್ತಿ ನಿಮ್ಮದೇ ತರಬೇಕು. ಅಲ್ಲಿ ಅವರು ಕೊಡಲು ಬಂದರೆ ಬೇಡವೆನ್ನುವುದು ಬಹಳ ಕಷ್ಟ. ಬರುವವರು ಗ್ರಂಥಪಾಲಕರಲ್ಲಿ ಹೆಸರು ಬರೆಯಿಸಿರಿ.