ಲಿಯೋನ್ ನಗರದ ರೇಷ್ಮೆ ಮಗ್ಗ



ರೇಷ್ಮೆ ಸೀರೆಯ ಸೆರಗಿನಲ್ಲಿ ನೇಯ್ದ ಹೂವನ್ನು ನೀವೆಲ್ಲ ನೋಡಿದ್ದೀರಿ. ಅದು ಬಣ್ಣ ಹಚ್ಚಿದ್ದಲ್ಲ, ನೂಲಿನಿಂದಲೇ ಮೂಡಿದ್ದು. ಹಾಸಿನ ಸಾವಿರಾರು ಎಳೆಗಳಲ್ಲಿ ಯಾವುದು ಮೇಲೇಳಬೇಕು, ಯಾವುದು ಕೆಳಗುಳಿಯಬೇಕು ಎಂಬುದನ್ನು ಪ್ರತಿಯೊಂದು ಹೊಕ್ಕಿಗೂ ನಿರ್ಧರಿಸಬೇಕು. ಈ ಲೆಕ್ಕವನ್ನು ಮಗ್ಗಕ್ಕೆ ಕಲಿಸಿದ ಊರು ಫ್ರಾನ್ಸ್ ದೇಶದ ಲಿಯೋನ್.

1536ರಲ್ಲಿ ದೊರೆ ಒಂದನೇ ಫ್ರಾನ್ಸಿಸ್ ಅಲ್ಲಿನ ರೇಷ್ಮೆ ನೇಯ್ಗೆಗೆ ವಿಶೇಷ ಸವಲತ್ತು ಕೊಟ್ಟನು. ಮುಂದೆ ಅರಮನೆಗಳ ಗೋಡೆಗೂ ಕುರ್ಚಿಗೂ ಲಿಯೋನಿನ ಬಟ್ಟೆಯೇ ಬೇಕಾಯಿತು. ಫಿಲಿಪ್ ದ ಲಾಸಾಲ್ ಎಂಬ ವಿನ್ಯಾಸಕಾರನ ರೇಷ್ಮೆ ರಷ್ಯದ ರಾಣಿ ಕ್ಯಾಥರೀನಳವರೆಗೂ ಹೋಯಿತು.

ಆದರೆ ಆ ಮಗ್ಗದ ಪಕ್ಕದಲ್ಲಿ ನಿಂತಿದ್ದವರು ಯಾರು ಗೊತ್ತೇ? ನೇಕಾರ ಲಾಳಿ ಎಸೆಯುವಾಗ ಹಗ್ಗದ ಗೊಂಚಲುಗಳನ್ನು ಸರದಿಯಂತೆ ಎಳೆದು ಹಾಸನ್ನು ಎತ್ತಿಕೊಡುವ ಕೆಲಸ ಹೆಚ್ಚಾಗಿ ಎಳೆಯ ಹುಡುಗಿಯರದು. ದಿನವಿಡೀ ಭಾರ ಎಳೆಯುವ ದುಡಿಮೆ. ಅರಮನೆಯ ಪರದೆಗಳ ಮೇಲೆ ಅವರ ಹೆಸರಿಲ್ಲ.

1725ರಲ್ಲಿ ಬಾಸಿಲ್ ಬೂಷೋನ್ ತೂತು ಕೊರೆದ ಕಾಗದದ ಸುರುಳಿಯಿಂದ ಎಳೆಗಳನ್ನು ಆರಿಸುವ ಉಪಾಯ ಕಂಡನು. ಫಾಲ್ಕೋನ್ ಅದನ್ನು ರಟ್ಟುಗಳ ಮಾಲೆಯಾಗಿಸಿದನು. ವೋಕಾನ್ಸನ್ ತನ್ನಿಂದ ತಾನೇ ನಡೆಯುವ ಮಗ್ಗ ಮಾಡಿದನು. ಇವನ್ನೆಲ್ಲ ಒಗ್ಗೂಡಿಸಿ 1804ರಲ್ಲಿ ಬಳಕೆಗೆ ತಂದವನು ಜೋಸೆಫ್ ಮರಿ ಜಕಾರ್ಡ್. (ಪರೀಕ್ಷೆಯಲ್ಲಿ ಒಬ್ಬನದೇ ಹೆಸರು ಬರೆದರೆ ಅಂಕ ಸಿಗಬಹುದು, ನ್ಯಾಯ ಸಿಗದು.) ರಟ್ಟಿನಲ್ಲಿ ತೂತಿದ್ದೆಡೆ ಸೂಜಿ ಒಳಹೋಗುತ್ತದೆ, ಅದರ ಕೊಕ್ಕೆ ಮೇಲೆದ್ದು ಎಳೆಯನ್ನು ಎತ್ತುತ್ತದೆ. ತೂತಿಲ್ಲದೆಡೆ ಸೂಜಿ ಹಿಂದೆ ಸರಿಯುತ್ತದೆ, ಎಳೆ ಕೆಳಗೇ ಉಳಿಯುತ್ತದೆ. ಹಗ್ಗ ಎಳೆಯುವ ಹುಡುಗಿಯ ಅಗತ್ಯ ತಪ್ಪಿತು.

ನೇಕಾರನ ಕಷ್ಟ ಮಾತ್ರ ತಪ್ಪಲಿಲ್ಲ. ಮಗ್ಗ ಅವನದು, ರೇಷ್ಮೆಯೂ ಮಾರುಕಟ್ಟೆಯೂ ವ್ಯಾಪಾರಿಯದು. 1831ರ ಅಕ್ಟೋಬರಿನಲ್ಲಿ ಕನಿಷ್ಠ ಕೂಲಿ ದರ ಗೊತ್ತಾಯಿತು, ಹಲವು ವ್ಯಾಪಾರಿಗಳು ಕೊಡಲೊಪ್ಪಲಿಲ್ಲ. ನವೆಂಬರಿನಲ್ಲಿ ಕ್ರೋವಾ ರೂಸ್ ಗುಡ್ಡದ ನೇಕಾರರು ಕಪ್ಪು ಬಾವುಟ ಹಿಡಿದು ಇಳಿದರು. ದುಡಿದು ಬದುಕುವುದು, ಇಲ್ಲವೇ ಹೋರಾಡಿ ಸಾಯುವುದು ಎಂಬುದು ಅವರ ಘೋಷಣೆ. ಕೆಲವು ದಿನ ನಗರ ಅವರ ಕೈಯಲ್ಲಿತ್ತು, ಬಳಿಕ ಸೈನ್ಯ ಬಂತು. ಆ ದರವೂ ರದ್ದಾಯಿತು.

ಜಕಾರ್ಡ್ 1834ರಲ್ಲಿ ತೀರಿಕೊಂಡನು. 1839ರಲ್ಲಿ ಅವನ ಭಾವಚಿತ್ರವನ್ನು ರೇಷ್ಮೆಯಲ್ಲೇ ನೇಯ್ದರು, ಅದಕ್ಕೆ ಸುಮಾರು 24,000 ರಟ್ಟು ಬೇಕಾದವು. ಅದರ ಒಂದು ಪ್ರತಿ ಇಂಗ್ಲೆಂಡಿನ ಗಣಿತಜ್ಞ ಚಾರ್ಲ್ಸ್ ಬ್ಯಾಬೇಜ್ ಬಳಿ ಇತ್ತು. ತನ್ನ ಲೆಕ್ಕದ ಯಂತ್ರಕ್ಕೂ ಅವನು ಇಂಥ ರಟ್ಟುಗಳನ್ನೇ ಯೋಜಿಸಿದ್ದನು.

ನಮ್ಮ ರಾಜ್ಯದ ನೇಕಾರರೂ ಜಕಾರ್ಡ್ ಬಳಸುತ್ತಾರೆ. ಅವರಲ್ಲಿಗೆ ಹೋದರೆ ಮಗ್ಗದ ನೆತ್ತಿಯತ್ತ ಕತ್ತೆತ್ತಿ ನೋಡಿ. ರಟ್ಟಿನ ಮಾಲೆ ಕಂಡರೆ, ಒಂದು ಸೀರೆಗೆ ಎಷ್ಟು ರಟ್ಟು ಬೇಕೆಂದು ಕೇಳಿಕೊಂಡು ಬನ್ನಿ.